ಟಿಪ್ಪು ಸುಲ್ತಾನ್: ಮಳವಳ್ಳಿಯ ಕಾಳಗದಿಂದ ಮಂಡ್ಯದ ಕಮಾನಿನವರೆಗೆ

ಮಂಡ್ಯ: ಟಿಪ್ಪು ಸುಲ್ತಾನ್ ಇಂಗ್ಲಿಷರನ್ನು ಬಯಲಿನಲ್ಲಿ ಎದುರಿಸಿದ ಕೊನೆಯ ದೊಡ್ಡ ಕಾಳಗ ಮಳವಳ್ಳಿಯದು. 1799ರ ಮಾರ್ಚ್ 27ರಂದು ಜನರಲ್ ಹ್ಯಾರಿಸ್‌ನ ಸೈನ್ಯಕ್ಕೆ ಸೋತ ಆತ ಶ್ರೀರಂಗಪಟ್ಟಣದ ಕೋಟೆ ಸೇರಿದ. ಮೇ 4ರಂದು ಕೋಟೆ ಬಿದ್ದಿತು. ಆ ರಾತ್ರಿ ಹೆಣಗಳ ರಾಶಿಯ ನಡುವೆ ಆತನ ದೇಹ ಸಿಕ್ಕಿತು. ಕೊಂದವನ ಹೆಸರು ಮಾತ್ರ ಖಚಿತವಾಗಲಿಲ್ಲ.

1750ರಲ್ಲಿ ದೇವನಹಳ್ಳಿಯಲ್ಲಿ ಜನಿಸಿದ ಟಿಪ್ಪು, ತಂದೆ ಹೈದರ್ ಅಲಿಯ ನಿಧನಾನಂತರ 1782ರಲ್ಲಿ ಅಧಿಕಾರಕ್ಕೆ ಬಂದ. 1784ರ ಮಂಗಳೂರು ಒಪ್ಪಂದದಲ್ಲಿ ಇಂಗ್ಲಿಷರೊಡನೆ ಸರಿಸಮನಾಗಿ ಕುಳಿತ ಆತ, 1792ರಲ್ಲಿ ಅರ್ಧ ರಾಜ್ಯ ಕಳೆದುಕೊಂಡು ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು. ರೇಷ್ಮೆ ಕೃಷಿಗೆ ಉತ್ತೇಜನ ನೀಡಿದ. ಆತನ ರಾಕೆಟ್‌ಗಳು ಶತ್ರುಗಳನ್ನು ಬೆರಗುಗೊಳಿಸಿದವು.

ಆತನ ಆಳ್ವಿಕೆಗೆ ಎರಡು ಮುಖಗಳಿದ್ದವು. 1791ರಲ್ಲಿ ಮರಾಠಾ ಪಡೆ ಶೃಂಗೇರಿಯನ್ನು ಲೂಟಿ ಮಾಡಿದಾಗ ಮಠಕ್ಕೆ ನೆರವು ಕಳುಹಿಸಿದವನೂ ಆತನೇ, ಕೊಡಗು ಮತ್ತು ಮಲಬಾರಿನಲ್ಲಿ ಜನರನ್ನು ಸೆರೆಹಿಡಿದು ಬಲವಂತದ ಮತಾಂತರ ನಡೆಸಿದವನೂ ಆತನೇ. ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ ಮನೆತನಗಳು ಇಂದಿಗೂ ನರಕ ಚತುರ್ದಶಿಯನ್ನು ಆಚರಿಸುವುದಿಲ್ಲ. ಟಿಪ್ಪುವಿನ ಕಾಲದಲ್ಲಿ ತಮ್ಮ ಹಿರಿಯರ ಹತ್ಯೆಯಾಯಿತೆಂಬುದು ಅವರ ನೆನಪು.

ಆದರೆ ಚುನಾವಣಾ ರಾಜಕಾರಣಕ್ಕೆ ಈ ದಾಖಲಾದ ಬದುಕು ಸಾಲಲಿಲ್ಲ. 2015ರಲ್ಲಿ ಸರ್ಕಾರಿ ಟಿಪ್ಪು ಜಯಂತಿ ಆರಂಭವಾಗಿ, 2019ರಲ್ಲಿ ರದ್ದಾಯಿತು. 2023ರ ವಿಧಾನಸಭಾ ಚುನಾವಣೆಗೆ ಮುನ್ನ, ಟಿಪ್ಪುವನ್ನು ಕೊಂದವರು ಉರಿಗೌಡ ಮತ್ತು ನಂಜೇಗೌಡ ಎಂಬ ಒಕ್ಕಲಿಗ ವೀರರೆಂದು ಬಿಜೆಪಿಯ ಕೆಲವು ನಾಯಕರು ಪ್ರಚಾರ ಮಾಡಿದರು. ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಗೆ ಪ್ರಧಾನಿ ಬಂದ ಸಂದರ್ಭದಲ್ಲಿ ಮಂಡ್ಯದಲ್ಲಿ ಇಬ್ಬರ ಹೆಸರಿನ ಕಮಾನು ಎದ್ದಿತು. ವಿರೋಧ ಬಂದೊಡನೆ ಹೆಸರು ಬದಲಾಯಿತು. ಇಬ್ಬರ ಕುರಿತು ಚಲನಚಿತ್ರವೂ ಘೋಷಣೆಯಾಗಿತ್ತು. ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿ ಸ್ಪಷ್ಟ ಆಧಾರವಿಲ್ಲದ ವಿವಾದ ಬೇಡವೆಂದ ಮೇಲೆ ಅದನ್ನು ಕೈಬಿಡಲಾಯಿತು. ಹತ್ಯೆಗೆ ಸಮಕಾಲೀನ ಸಾಕ್ಷ್ಯವನ್ನು ಯಾರೂ ಮುಂದಿಡಲಿಲ್ಲ.

ಇದು ಮಂಡ್ಯಕ್ಕಷ್ಟೇ ಸೀಮಿತವಲ್ಲ. ಸ್ಪೇನಿನ ತೀವ್ರ ಬಲಪಂಥೀಯ ಪಕ್ಷ ವೋಕ್ಸ್, 2019ರ ಏಪ್ರಿಲ್ ಚುನಾವಣೆಯ ಪ್ರಚಾರವನ್ನು ಮುಸ್ಲಿಂ ಆಳ್ವಿಕೆಯ ವಿರುದ್ಧದ ಗೆಲುವಿನ ಸಂಕೇತವಾದ ಕೊವಡೋಂಗಾದಿಂದ ಆರಂಭಿಸಿ, 24 ಸ್ಥಾನ ಪಡೆಯಿತು. ಶತಮಾನಗಳ ಹಿಂದಿನ ದೊರೆಯ ಲೆಕ್ಕವನ್ನು ಇಂದಿನ ನೆರೆಯವನ ಮೇಲೆ ಹೊರಿಸುವ ಕ್ರಮ ಎರಡೂ ಕಡೆ ಒಂದೇ.

ಮಂಡ್ಯ ಜಿಲ್ಲೆಯ ಏಳು ಕ್ಷೇತ್ರಗಳಲ್ಲಿ ಮಾತ್ರ 2023ರಲ್ಲಿ ಬಿಜೆಪಿಗೆ ಒಂದೂ ದಕ್ಕಲಿಲ್ಲ. ಆ ಫಲಿತಾಂಶಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಕಟ್ಟುಕತೆಗೆ ತಡೆ ಬಿದ್ದುದು ಯಾರ ಹೆಸರಿನಲ್ಲಿ ಅದನ್ನು ಕಟ್ಟಲಾಯಿತೋ ಆ ಸಮುದಾಯದ ಮಠದಿಂದಲೇ ಎಂಬುದು ನೆನಪಿಡಬೇಕಾದ ಸಂಗತಿ.