ಮಗುವನ್ನು ಜೋರಾಗಿ ಕುಲುಕಬೇಡಿ ಎಂದ ಎಕ್ಸ್-ರೇ ಡಾಕ್ಟರ್

ಅಳು ನಿಲ್ಲಿಸದ ಕೂಸನ್ನು ಸಿಟ್ಟಿನಲ್ಲಿ ಹಿಡಿದು ಜೋರಾಗಿ ಕುಲುಕಿದರೆ ಏನಾಗುತ್ತದೆ? ಮೈಮೇಲೆ ಗಾಯ ಕಾಣದಿದ್ದರೆ ಏನೂ ಆಗಿಲ್ಲ ಎಂದೇ ಹಲವರ ನಂಬಿಕೆ. ಇದು ತಪ್ಪು ಎಂದು ವೈದ್ಯಲೋಕಕ್ಕೆ ತೋರಿಸಿದವರಲ್ಲಿ ಡಾ. ಜಾನ್ ಕ್ಯಾಫಿ ಪ್ರಮುಖರು.

1895ರಲ್ಲಿ ಅಮೆರಿಕದ ಯೂಟಾದಲ್ಲಿ, ಕ್ಯಾಸಲ್ ಗೇಟ್ ಎಂಬ ಕಲ್ಲಿದ್ದಲು ಗಣಿ ಊರಲ್ಲಿ ಹುಟ್ಟಿದರು. ಮಿಶಿಗನ್‌ನಲ್ಲಿ ವೈದ್ಯಕೀಯ ಓದಿ, ಮೊದಲ ಮಹಾಯುದ್ಧದ ನಂತರ ಪೂರ್ವ ಯುರೋಪಿನಲ್ಲಿ ಪರಿಹಾರ ಕೆಲಸ ಮಾಡಿ, ನ್ಯೂಯಾರ್ಕಿನ ಬೇಬೀಸ್ ಆಸ್ಪತ್ರೆ ಸೇರಿದರು. ಮೂಲತಃ ಮಕ್ಕಳ ಡಾಕ್ಟರ್. ಎಕ್ಸ್-ರೇ ಓದುವುದನ್ನು ಸ್ವಂತವಾಗಿ ಕಲಿತವರು.

ಆಗ ಡಾಕ್ಟರರ ನಡುವೆಯೇ ಒಂದು ಮೂಢನಂಬಿಕೆ ಇತ್ತು. ಎದೆಯೊಳಗಿನ ಥೈಮಸ್ ಗ್ರಂಥಿ ದೊಡ್ಡದಾಗಿದ್ದರೆ ಮಗು ಹಠಾತ್ತಾಗಿ ಸಾಯುತ್ತದೆಂದು ಹೆದರಿ, ಚೆನ್ನಾಗಿದ್ದ ಮಕ್ಕಳಿಗೂ ವಿಕಿರಣ ಕೊಡುತ್ತಿದ್ದರು. ಎಳೆಮಕ್ಕಳಲ್ಲಿ ಅದು ದೊಡ್ಡದಿರುವುದೇ ಸಹಜ ಎಂದು ಕ್ಯಾಫಿ ವಾದಿಸಿದರು. (ವಾಟ್ಸಾಪ್ ಇಲ್ಲದ ಕಾಲದಲ್ಲೂ ಸುಳ್ಳು ಹೀಗೆ ಹರಡುತ್ತಿತ್ತು!)

1946ರಲ್ಲಿ ಅವರು ಆರು ಕೂಸುಗಳ ಬಗ್ಗೆ ಬರೆದರು. ಎಲ್ಲರಿಗೂ ತಲೆಬುರುಡೆಯೊಳಗೆ, ಮೆದುಳಿನ ಹೊರಪೊರೆಯ ಕೆಳಗೆ ರಕ್ತ ಕಟ್ಟಿತ್ತು. ಕೈಕಾಲಿನ ಮೂಳೆಗಳೂ ಹಲವು ಕಡೆ ಮುರಿದಿದ್ದವು. ಮೂಳೆ ಮುರಿಯುವಂಥ ಕಾಯಿಲೆ ಕಾಣಲಿಲ್ಲ, ಬಿದ್ದ ವಿವರಣೆಯೂ ಹೊಂದಲಿಲ್ಲ. ಹಾಗಿದ್ದರೂ ಮನೆಯವರೇ ಕಾರಣ ಎಂದು ಅವರು ನೇರವಾಗಿ ಹೇಳಲಿಲ್ಲ. ಮಕ್ಕಳ ಮೇಲಿನ ಹಲ್ಲೆಯನ್ನು ವೈದ್ಯರು ಬಹಿರಂಗವಾಗಿ ಒಪ್ಪಿಕೊಳ್ಳುವ ಹೊತ್ತಿಗೆ 1962 ಆಗಿತ್ತು. ಹದಿನಾರು ವರ್ಷ ತಡ, ನನ್ನ ಮಟ್ಟಿಗೆ ಇದೇ ಈ ಕಥೆಯ ನೋವಿನ ಭಾಗ.

77ನೇ ವಯಸ್ಸಿನಲ್ಲಿ, 1972ರಲ್ಲಿ, ಕ್ಯಾಫಿ ಕುಲುಕುವಿಕೆಯನ್ನೇ ಹೆಸರಿಸಿ ಬರೆದರು. ಹಿಂದಿನ ವರ್ಷ ಬ್ರಿಟನ್‌ನ ನರಶಸ್ತ್ರತಜ್ಞ ಗತ್ಕೆಲ್ಚ್ ಇದೇ ಅನುಮಾನ ಮುಂದಿಟ್ಟಿದ್ದರು. ಕೂಸಿನ ತಲೆ ಭಾರ, ಕುತ್ತಿಗೆ ಬಲಹೀನ. ಜೋರಾಗಿ ಕುಲುಕಿದಾಗ ಮೆದುಳು ಬುರುಡೆಯೊಳಗೆ ಹಿಂದೆ ಮುಂದೆ ಜಗ್ಗಿ ಸಣ್ಣ ರಕ್ತನಾಳಗಳು ಹರಿಯುತ್ತವೆ, ಕಣ್ಣಿನ ಒಳಪರದೆಯಲ್ಲೂ ರಕ್ತಸ್ರಾವ ಆಗಬಹುದು. ಕ್ಯಾಫಿಯವರ ಮುಖ್ಯ ಚಿಂತೆ ಬದುಕುಳಿದ ಮಕ್ಕಳದ್ದು. ಫಿಟ್ಸ್, ದೃಷ್ಟಿ ಹೋಗುವುದು, ಕೈಕಾಲು ಬಿಗಿತ, ಬುದ್ಧಿ ಬೆಳವಣಿಗೆ ಕುಂಠಿತ. ಮೊದಲು ಚೇತರಿಸಿಕೊಂಡಂತೆ ಕಂಡ ಮಗುವಿಗೆ ಶಾಲೆಗೆ ಹೋದ ಮೇಲೆ ಗಮನ, ನೆನಪು, ಸಿಟ್ಟಿನ ತೊಂದರೆ ಕಾಣಿಸುವುದೂ ಉಂಟು.

ಅವರ ಮಾತೆಲ್ಲವೂ ನಿಂತಿಲ್ಲ. ಆಟದ ಎಗರಿಸುವಿಕೆಯನ್ನೂ ಅವರು ಶಂಕಿಸಿದ್ದರು. ಆದರೆ ತೊಡೆ ಮೇಲೆ ಆಡಿಸುವುದು, ತೊಟ್ಟಿಲು ತೂಗುವುದರಿಂದ ಇಂಥ ಗಾಯ ಆಗುವುದಿಲ್ಲ ಎಂದು ಇಂದಿನ ವೈದ್ಯರು ಹೇಳುತ್ತಾರೆ. ರಕ್ತಸ್ರಾವ ಕಂಡ ಮಾತ್ರಕ್ಕೆ ಹಲ್ಲೆ ಎಂದು ತೀರ್ಮಾನಿಸಬಹುದೇ ಎಂಬ ಚರ್ಚೆ ನ್ಯಾಯಾಲಯಗಳಲ್ಲಿ ಇನ್ನೂ ನಡೆದಿದೆ.

ಕ್ಯಾಫಿ 1978ರಲ್ಲಿ ತೀರಿಕೊಂಡರು. 1945ರಲ್ಲಿ ಅವರು ಬರೆದ ಮಕ್ಕಳ ಎಕ್ಸ್-ರೇ ಪುಸ್ತಕ, ಬೇರೆಯವರ ಕೈಯಲ್ಲಿ ಪರಿಷ್ಕಾರಗೊಳ್ಳುತ್ತಾ, ಅವರ ಹೆಸರಿನಲ್ಲೇ ಮುಂದುವರಿದಿದೆ.