ಕೀಲಿಮಣೆಯ ಶಿಲ್ಪಿ ಕ್ರಿಸ್ಟೋಫರ್ ಶೋಲ್ಸ್

ಗಣಕಯಂತ್ರದ ಕೀಲಿಮಣೆಯನ್ನು ಒಮ್ಮೆ ಗಮನಿಸಿ. ಅಕ್ಷರಗಳ ಮೇಲಿನ ಸಾಲು ಎಡದಿಂದ ಕ್ಯೂ, ಡಬ್ಲ್ಯು, ಇ, ಆರ್, ಟಿ, ವೈ ಎಂದು ಆರಂಭವಾಗುತ್ತದೆ. ಇದು ಇಂಗ್ಲಿಷ್ ವರ್ಣಮಾಲೆಯ ಕ್ರಮವಲ್ಲ. ಮೊಬೈಲ್ ಪರದೆಯ ಮೇಲೆ ಮೂಡುವ ಇಂಗ್ಲಿಷ್ ಕೀಲಿಗಳೂ ಸಾಮಾನ್ಯವಾಗಿ ಇದೇ ಕ್ರಮದಲ್ಲಿರುತ್ತವೆ. ಈ ಜೋಡಣೆಯನ್ನು ಜಗತ್ತಿಗೆ ನೀಡಿದವರು ಅಮೆರಿಕದ ಪತ್ರಿಕಾ ಸಂಪಾದಕ ಕ್ರಿಸ್ಟೋಫರ್ ಲೇಥಮ್ ಶೋಲ್ಸ್.

ಶೋಲ್ಸ್ ಜನಿಸಿದ್ದು 1819ರ ಫೆಬ್ರುವರಿ 14ರಂದು, ಪೆನ್ಸಿಲ್ವೇನಿಯಾ ರಾಜ್ಯದ ಮೂರ್ಸ್‌ಬರ್ಗ್‌ನಲ್ಲಿ. ಬಾಲ್ಯದಲ್ಲೇ ಮುದ್ರಣಾಲಯ ಸೇರಿ ಅಚ್ಚಿನ ಕೆಲಸ ಕಲಿತರು. 1837ರಲ್ಲಿ ವಿಸ್ಕಾನ್ಸಿನ್‌ಗೆ ತೆರಳಿ ಪತ್ರಿಕೋದ್ಯಮದಲ್ಲಿ ನೆಲೆ ನಿಂತರು. ರಾಜ್ಯದ ಶಾಸನಸಭೆಗೂ ಆಯ್ಕೆಯಾದರು. ವಿಸ್ಕಾನ್ಸಿನ್ 1853ರಲ್ಲಿ ಮರಣದಂಡನೆಯನ್ನು ರದ್ದುಪಡಿಸಿದಾಗ ಅದಕ್ಕಾಗಿ ಶ್ರಮಿಸಿದವರಲ್ಲಿ ಅವರೂ ಪ್ರಮುಖರು.

ಮಿಲ್ವಾಕಿ ನಗರದ ಬಂದರಿನಲ್ಲಿ ಸುಂಕಾಧಿಕಾರಿಯಾಗಿದ್ದ ಅವರಿಗೆ ಬಿಡುವಿನ ವೇಳೆಯಲ್ಲಿ ಯಂತ್ರಗಳದ್ದೇ ಧ್ಯಾನ. ಗೆಳೆಯ ಸ್ಯಾಮ್ಯುಯೆಲ್ ಸೂಲೆ ಜೊತೆಗೂಡಿ ಪುಟಸಂಖ್ಯೆ ಮುದ್ರಿಸುವ ಯಂತ್ರವೊಂದನ್ನು ನಿರ್ಮಿಸಿ 1866ರಲ್ಲಿ ಪೇಟೆಂಟ್ ಪಡೆದರು. ಅಂಕಿ ಮುದ್ರಿಸುವ ಯಂತ್ರ ಅಕ್ಷರಗಳನ್ನೇಕೆ ಮುದ್ರಿಸಬಾರದೆಂಬ ಆಲೋಚನೆಯನ್ನು ಬಿತ್ತಿದವರು ಕಾರ್ಲೋಸ್ ಗ್ಲಿಡನ್. ಮೂವರೂ ದುಡಿದು 1868ರ ಜೂನ್ 23ರಂದು ಬೆರಳಚ್ಚು ಯಂತ್ರಕ್ಕೆ ಪೇಟೆಂಟ್ ಪಡೆದರು. ಅದರ ಕೀಲಿಗಳು ಪಿಯಾನೋ ವಾದ್ಯದ ಕೀಲಿಗಳನ್ನು ಹೋಲುತ್ತಿದ್ದವು.

ಬಂಡವಾಳ ಹೂಡಿದ ಜೇಮ್ಸ್ ಡೆನ್ಸ್‌ಮೋರ್ ನಿಷ್ಠುರ ಸ್ವಭಾವದವರು. ಅವರು ಯಂತ್ರಗಳನ್ನು ಶೀಘ್ರಲಿಪಿಕಾರರ ಪರೀಕ್ಷೆಗೆ ಒಡ್ಡಿದರು. ವಾಷಿಂಗ್ಟನ್ನಿನ ಜೇಮ್ಸ್ ಕ್ಲೆಫೇನ್ ಒಂದರ ಹಿಂದೊಂದು ಯಂತ್ರವನ್ನು ಮುರಿಯುವಷ್ಟು ಬಳಸಿ, ದೋಷಗಳ ಪಟ್ಟಿಯನ್ನೇ ಕಳುಹಿಸುತ್ತಿದ್ದರು. ಶೋಲ್ಸ್ ನೊಂದರೂ ಕೈಚೆಲ್ಲಲಿಲ್ಲ. ಅಕ್ಷರಗಳ ಸ್ಥಾನವನ್ನು ಮತ್ತೆ ಮತ್ತೆ ಬದಲಿಸಿದರು. ಅಚ್ಚಿನ ಕಡ್ಡಿಗಳು ಒಂದಕ್ಕೊಂದು ಸಿಲುಕದಿರಲೆಂದು ಹೀಗೆ ಮಾಡಿದರೆಂಬುದು ರೂಢಿಯ ವಿವರಣೆ. ತಂತಿ ಸಂದೇಶ ಬರೆದುಕೊಳ್ಳುವವರ ಅನುಕೂಲವೂ ಕಾರಣವಾಗಿತ್ತೆಂದು ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ವಾದಿಸಿದ್ದಾರೆ.

1873ರಲ್ಲಿ ತಯಾರಿಕೆಯ ಹೊಣೆ ರೆಮಿಂಗ್ಟನ್ ಸಂಸ್ಥೆಗೆ ಸಂದಿತು. ಬಂದೂಕು, ಹೊಲಿಗೆ ಯಂತ್ರ ತಯಾರಿಸುತ್ತಿದ್ದ ಸಂಸ್ಥೆಯದು. 1874ರಲ್ಲಿ 125 ಡಾಲರ್ ಬೆಲೆಗೆ ಮಾರುಕಟ್ಟೆಗೆ ಬಂದ ಯಂತ್ರ ದೊಡ್ಡಕ್ಷರಗಳನ್ನಷ್ಟೇ ಮುದ್ರಿಸುತ್ತಿತ್ತು. ಒಂದು ಮತ್ತು ಸೊನ್ನೆಗೆ ಕೀಲಿಗಳಿರಲಿಲ್ಲ; ಐ ಮತ್ತು ಓ ಅಕ್ಷರಗಳೇ ಆ ಕೆಲಸ ಮಾಡುತ್ತಿದ್ದವು. ಮುದ್ರಿಸಿದ ಸಾಲು ಬೆರಳಚ್ಚುಗಾರರ ಕಣ್ಣಿಗೆ ಆಗಲೇ ಕಾಣುತ್ತಿರಲಿಲ್ಲ.

1878ರ ರೆಮಿಂಗ್ಟನ್ ಎರಡನೆಯ ಮಾದರಿ ಶಿಫ್ಟ್ ಕೀಲಿಯನ್ನು ತಂದಿತು. ಅದನ್ನು ಒತ್ತಿದಾಗ ಕಾಗದ ಹಿಡಿದ ಬಂಡಿ ನಿಜಕ್ಕೂ ಸರಿದು, ಅದೇ ಕಡ್ಡಿಯ ಇನ್ನೊಂದು ಅಕ್ಷರ ಮೂಡುತ್ತಿತ್ತು. ಸರಿಯುವ ಬಂಡಿ ಕಣ್ಮರೆಯಾದರೂ ಕೀಲಿಯ ಹೆಸರು ಗಣಕದಲ್ಲಿ ಉಳಿದಿದೆ.

ಅಷ್ಟರಲ್ಲಿ ಶೋಲ್ಸ್ ತಮ್ಮ ಹಕ್ಕುಗಳನ್ನು ಮಾರಿದ್ದರು. ಅವರಿಗೆ ದೊರೆತದ್ದು 12,000 ಡಾಲರ್ ಎಂದು ಜೀವನಚರಿತ್ರೆಗಳು ಹೇಳುತ್ತವೆ. ಮುಂದಿನ ಲಾಭದಲ್ಲಿ ಅವರಿಗೆ ಪಾಲಿರಲಿಲ್ಲ. ಕ್ಷಯರೋಗ ದೇಹವನ್ನು ಹಣ್ಣು ಮಾಡುತ್ತಿದ್ದರೂ ಯಂತ್ರದ ಸುಧಾರಣೆಯನ್ನು ಅವರು ಬಿಡಲಿಲ್ಲ. 1889ರಲ್ಲಿ ಸಲ್ಲಿಸಿದ ಪೇಟೆಂಟ್ ಅರ್ಜಿಯಲ್ಲಿ ಅಕ್ಷರಗಳ ಜೋಡಣೆಯೇ ಬೇರೆಯಾಗಿತ್ತು. ತಾವೇ ರೂಪಿಸಿದ ಕ್ರಮವನ್ನು ಅವರು ಕೊನೆಯ ಮಾತೆಂದು ಭಾವಿಸಿರಲಿಲ್ಲ. 1890ರ ಫೆಬ್ರುವರಿ 17ರಂದು ಮಿಲ್ವಾಕಿಯಲ್ಲಿ ಅವರು ನಿಧನರಾದರು. ಆ ಪೇಟೆಂಟ್ ಮಂಜೂರಾದದ್ದು 1896ರಲ್ಲಿ. ಆ ವೇಳೆಗೆ ಬೆರಳುಗಳು ಹಳೆಯ ಕ್ರಮಕ್ಕೆ ಒಗ್ಗಿಹೋಗಿದ್ದವು. ಹೊಸ ಜೋಡಣೆ ಬಳಕೆಗೆ ಬರಲಿಲ್ಲ.

ಕನ್ನಡಿಗರಿಗೂ ಈ ಕಥೆ ಹೊರಗಿನದಲ್ಲ. ಕೆ.ಪಿ. ರಾವ್ ಅವರು ಕನ್ನಡಕ್ಕೆ ರೂಪಿಸಿದ ಕೀಲಿಮಣೆ ವಿನ್ಯಾಸ ಇದೇ ಇಂಗ್ಲಿಷ್ ಕೀಲಿಗಳ ಮೇಲೆ ನಿಂತಿದೆ. ಅಲ್ಲಿ ಕೆ ಒತ್ತಿದರೆ ಕ, ಶಿಫ್ಟ್ ಜೊತೆಗೆ ಒತ್ತಿದರೆ ಖ. ಹೀಗೆ ಕನ್ನಡದ ಅಲ್ಪಪ್ರಾಣವನ್ನು ಮಹಾಪ್ರಾಣವಾಗಿಸುವ ಕೆಲಸವೂ ಆ ಹಳೆಯ ಶಿಫ್ಟ್ ಕೀಲಿಯ ಪಾಲಿಗೆ ಬಂದಿದೆ.