ಸೋಡಾ ಬಾಟಲಿ ತೋಪಿನ ಡಾಲ್‌ಗ್ರೆನ್

ಬೈಂದೂರು ದಾಟಿ ಶಿರೂರು ಮುಗಿಯಿತೆಂದರೆ ಭಟ್ಕಳ. ಅದೇ ಕಡಲು, ಅದೇ ಹೆದ್ದಾರಿ, ಬಲೆಗೆ ಬೀಳುವುದು ಅದೇ ಬಂಗುಡೆ. ಆದರೂ 1862ರಿಂದ 1956ರವರೆಗೆ, ಒಟ್ಟು 94 ವರ್ಷ, ಶಿರೂರಿನವರ ಮೇಲ್ಮನವಿ ಮದ್ರಾಸ್ ಹೈಕೋರ್ಟಿಗೆ, ಭಟ್ಕಳದವರದ್ದು ಬಾಂಬೆಗೆ. 1948ರ ಬಾಂಬೆ ಗೇಣಿ ಕಾಯ್ದೆ ಭಟ್ಕಳದ ಒಕ್ಕಲಿಗೆ ಅನ್ವಯವಾಯಿತು, ಬೈಂದೂರಿನ ಒಕ್ಕಲಿಗೆ ಆಗಲಿಲ್ಲ.

ಈ ಗೆರೆಯ ಹಿಂದೆ ಇದ್ದದ್ದು ಹತ್ತಿ. ಧಾರವಾಡದ ಹತ್ತಿಯನ್ನು ಇಂಗ್ಲೆಂಡಿನ ಗಿರಣಿಗಳಿಗೆ ಸಾಗಿಸಲು ಕಾರವಾರ ಬಂದರು ಬೇಕು, ಅದು ಬಾಂಬೆ ಸರಕಾರದ ಕೈಯಲ್ಲಿರಬೇಕು ಎಂಬ ಒತ್ತಡ ಮೊದಲೇ ಇತ್ತು. 1861ರ ಏಪ್ರಿಲ್‌ನಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ, ಲಿಂಕನ್ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದ ಮೇಲೆ ಅದಕ್ಕೆ ಅವಸರ ಬಂತು. ಇಂಗ್ಲೆಂಡಿಗೆ ಬರುತ್ತಿದ್ದ ಹತ್ತಿಯಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಅಲ್ಲಿಯದೇ. ಮರುವರ್ಷ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಬಾಂಬೆಗೆ ಸೇರಿಸಿದರು. ಕುಂದಾಪುರ ತಾಲ್ಲೂಕು ಮಾತ್ರ ಮದ್ರಾಸಿನಲ್ಲೇ ಉಳಿಯಿತು, ಬೈಂದೂರು ಆಗ ಅದರೊಳಗೇ ಇತ್ತು.

ಆ ದಿಗ್ಬಂಧನ ಕಾದ ಹಡಗುಗಳ ಮೇಲಿದ್ದ ದೊಡ್ಡ ತೋಪುಗಳಿಗೆ ಒಬ್ಬ ಮನುಷ್ಯನ ಹೆಸರಿತ್ತು: ಜಾನ್ ಡಾಲ್‌ಗ್ರೆನ್. ನಮ್ಮ ಗಡಿ ಎಳೆದದ್ದು ಇವನೇ ಅಂತ ನಾನು ಹೇಳ್ತಿಲ್ಲ. ಆದರೆ ಇಂಜಿನಿಯರಿಂಗ್ ಓದಿದ ನನಗೆ ಇವನ ಬದುಕು ಬಿಡದೆ ಕಾಡುತ್ತದೆ.

ಹುಟ್ಟಿದ್ದು 1809ರಲ್ಲಿ, ಫಿಲಡೆಲ್ಫಿಯಾದಲ್ಲಿ. ಅಪ್ಪ ಸ್ವೀಡನ್ ಮೂಲದವನು. 1826ರಲ್ಲಿ ನೌಕಾಪಡೆ ಸೇರಿದ. ಕರಾವಳಿ ಸಮೀಕ್ಷೆಯಲ್ಲಿ ಕಣ್ಣಿಗೆ ಕೆಲಸ ಹೆಚ್ಚಾಗಿ ದೃಷ್ಟಿಯೇ ಕೈಕೊಡುವ ಹಾಗಾಗಿತ್ತು. 1847ರಲ್ಲಿ ವಾಷಿಂಗ್ಟನ್ನಿನ ನೌಕಾ ಕಾರ್ಖಾನೆಗೆ ಬಂದ ಮೇಲೆಯೇ ಅವನ ನಿಜವಾದ ಬದುಕು ಶುರುವಾದದ್ದು.

ಆ ಕಾಲದ ತೋಪುಗಳು ಶತ್ರುವಿಗೆಷ್ಟೋ ಅಷ್ಟೇ ತಮ್ಮವರಿಗೂ ಅಪಾಯಕಾರಿ. 1844ರಲ್ಲಿ ಪ್ರಿನ್ಸ್‌ಟನ್ ಎಂಬ ಹಡಗಿನ ಮೇಲೆ ಪ್ರದರ್ಶನಕ್ಕೆಂದು ಹಾರಿಸಿದ ತೋಪು ಸಿಡಿದು ಆರು ಜನ ಸತ್ತರು. ಸತ್ತವರಲ್ಲಿ ಇಬ್ಬರು ಮಂತ್ರಿಗಳು, ಜೊತೆಗೆ ಅಧ್ಯಕ್ಷ ಟೈಲರನ ಗುಲಾಮನೊಬ್ಬ. 1849ರಲ್ಲಿ ಡಾಲ್‌ಗ್ರೆನ್ ಪರೀಕ್ಷಿಸುತ್ತಿದ್ದ ತೋಪೇ ಒಡೆದು ಒಬ್ಬ ತೋಪುಗಾರ ಸತ್ತ.

ಅವನು ಮಾಡಿದ್ದನ್ನು ಸರಳವಾಗಿ ಹೇಳುತ್ತೇನೆ. ಮದ್ದಿಗೆ ಬೆಂಕಿ ಬಿದ್ದಾಗ ಒತ್ತಡ ನಳಿಗೆಯ ಬುಡದಲ್ಲಿ ವಿಪರೀತ, ಬಾಯಿಯ ಕಡೆ ಹೋದಂತೆ ಕಡಿಮೆ. ಹಾಗಿದ್ದರೆ ಕಬ್ಬಿಣವೂ ಅದೇ ಲೆಕ್ಕದಲ್ಲಿ ಇರಬೇಕು. ಹಳೆಯ ತೋಪುಗಳ ಮೇಲಿನ ಉಂಗುರ, ಕುಸುರಿ ಎಲ್ಲ ಕಿತ್ತುಹಾಕಿದ. ಬುಡ ದಪ್ಪ, ಕುತ್ತಿಗೆ ಸಣ್ಣ, ಮೈಯೆಲ್ಲ ನುಣುಪು. ಒಳಗೂ ಸುರುಳಿ ಗೀರುಗಳಿಲ್ಲದ ನುಣುಪು ನಳಿಗೆ. ಥೇಟ್ ಸೋಡಾ ಬಾಟಲಿ, ನಾವಿಕರು ಕರೆದದ್ದೂ ಹಾಗೇ. 1850ರಲ್ಲಿ 9 ಇಂಚಿನದು ಬಂತು, ಮರುವರ್ಷ 11 ಇಂಚಿನದು. ಎರಡನೆಯದರ ತೂಕ ಸುಮಾರು 7 ಟನ್, ಗುಂಡು 75 ಕಿಲೋ. ಇವು ತಮ್ಮವರ ಮೇಲೆ ಸಿಡಿಯುವುದಿಲ್ಲ ಎಂಬ ನಂಬಿಕೆ ಹಡಗುಗಳಲ್ಲಿ ಬೆಳೆಯಿತು. ಸತ್ತ ತೋಪುಗಾರನಿಗೆ ಇದಕ್ಕಿಂತ ದೊಡ್ಡ ಶ್ರದ್ಧಾಂಜಲಿ ನನಗೆ ಹೊಳೆಯುವುದಿಲ್ಲ.

ಯುದ್ಧ ಬಂದಾಗ ಕಾರ್ಖಾನೆಯ ಮುಖ್ಯಸ್ಥ ಫ್ರಾಂಕ್ಲಿನ್ ಬುಕಾನನ್ ರಾಜೀನಾಮೆ ಕೊಟ್ಟು ದಕ್ಷಿಣದ ಪಾಳೆಯಕ್ಕೆ ಹೋದ. ಆ ಕುರ್ಚಿ ಡಾಲ್‌ಗ್ರೆನ್‌ಗೆ ಸಿಕ್ಕಿತು. ಲಿಂಕನ್ ಆಗಾಗ ಅಲ್ಲಿಗೆ ಬರುತ್ತಿದ್ದ, ಇಬ್ಬರಿಗೂ ಸ್ನೇಹವಾಯಿತು. 1862ರ ಮಾರ್ಚ್ 9ರಂದು ಹ್ಯಾಂಪ್ಟನ್ ರೋಡ್ಸ್‌ನಲ್ಲಿ ಕಬ್ಬಿಣದ ಹೊದಿಕೆಯ ಎರಡು ಹಡಗುಗಳು ಮೊದಲ ಬಾರಿಗೆ ಕಾದಾಡಿದವು. ಉತ್ತರದ ಮಾನಿಟರ್ ಮೇಲೆ ಡಾಲ್‌ಗ್ರೆನ್‌ನ 11 ಇಂಚಿನ ಎರಡು ತೋಪು. ದಕ್ಷಿಣದ ವರ್ಜಿನಿಯಾ ಮೇಲೂ ಅವನದೇ 9 ಇಂಚಿನವು, ಅವು ನಾರ್ಫೋಕ್ ಹಡಗುಕಟ್ಟೆಯಲ್ಲಿ ವಶಪಡಿಸಿಕೊಂಡದ್ದು. ಹಿಂದಿನ ದಿನ ಆ ಹಡಗನ್ನು ನಡೆಸಿದವನು ಅದೇ ಬುಕಾನನ್.

ಗಂಟೆಗಟ್ಟಲೆ ಹೊಡೆದಾಡಿದರೂ ಯಾರೂ ಮುಳುಗಲಿಲ್ಲ. ತೋಪು ಸಿಡಿದೀತು ಎಂಬ ಭಯಕ್ಕೆ ಒಂದು ಗುಂಡಿಗೆ 15 ಪೌಂಡಿಗಿಂತ ಹೆಚ್ಚು ಮದ್ದು ಹಾಕಬಾರದೆಂದು ಮಾನಿಟರ್‌ಗೆ ಕಟ್ಟಪ್ಪಣೆ ಇತ್ತು. ಅದೇ ತೋಪು 30 ಪೌಂಡ್ ತಡೆಯುತ್ತದೆ ಎಂದು ಆಮೇಲಿನ ಪರೀಕ್ಷೆಗಳು ತೋರಿಸಿದವು. ಹೆದರಿದ್ದು ತಪ್ಪೇ? ಪ್ರಿನ್ಸ್‌ಟನ್ ದುರಂತ ಕಂಡ ನೌಕಾಪಡೆಯಲ್ಲಿ ನಾನಿದ್ದರೆ ನಾನೂ ಹೆದರುತ್ತಿದ್ದೆ.

ಅವನಿಗೆ ಮಾತ್ರ ಕಾರ್ಖಾನೆ ಸಾಕಾಗಲಿಲ್ಲ. ಸಮುದ್ರದ ಮೇಲೆ ಗೆದ್ದವನ ಹೆಸರು ಬೇಕಿತ್ತು. 1863ರಲ್ಲಿ ರಿಯರ್ ಅಡ್ಮಿರಲ್ ಆದ, ಜುಲೈನಲ್ಲಿ ದಕ್ಷಿಣ ಅಟ್ಲಾಂಟಿಕ್ ದಿಗ್ಬಂಧನ ಪಡೆಯ ನಾಯಕತ್ವ ಸಿಕ್ಕಿತು. ಲಿಂಕನ್ನನ ಸ್ನೇಹದಿಂದ ಮೇಲೆ ಬಂದವನು ಎಂಬ ಅಸಮಾಧಾನ ಸಹೋದ್ಯೋಗಿಗಳಲ್ಲಿತ್ತು, ಅದರಲ್ಲಿ ಅರ್ಧ ಸತ್ಯವೂ ಇತ್ತು. ಎದುರಿಗಿದ್ದದ್ದು ಚಾರ್ಲ್ಸ್‌ಟನ್ ಬಂದರು. ತಿಂಗಳುಗಟ್ಟಲೆ ಗುಂಡು ಸುರಿಸಿದರೂ ಊರು ಕೈಗೆ ಬರಲಿಲ್ಲ. ಹತ್ತಿ ಹಡಗುಗಳನ್ನು ತಡೆಯುವ ಬೇಸರದ ಕಾವಲು ಕೆಲಸವೇ ಅವನ ಪಾಲಿಗೆ ಉಳಿಯಿತು.

ಅವನಿಗೆ ಬೇಸರ ತಂದ ಆ ಕಾವಲು ಇಲ್ಲಿ ಕೆಲವರಿಗೆ ಹಣ ತಂದಿತು. ಧಾರವಾಡದಲ್ಲಿ 1840ರ ದಶಕದಿಂದ ಬೆಳೆಯುತ್ತಿದ್ದ ಅಮೆರಿಕನ್ ತಳಿಯ ಹತ್ತಿಗೆ ಚಿನ್ನದ ಬೆಲೆ ಬಂತು. ಎತ್ತಿನ ಗಾಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಬಂದವು, ಅಲ್ಲಿಂದ ಬಾಂಬೆಗೆ. ಇಂಗ್ಲೆಂಡಿನ ಪೇಟೆಯಲ್ಲಿ ಕುಮಟಾ ಎಂಬುದು ಒಂದು ಬಗೆಯ ಹತ್ತಿಯ ಹೆಸರೇ ಆಯಿತು. 1865ರಲ್ಲಿ ಯುದ್ಧ ಮುಗಿದದ್ದೇ ತಡ, ಬೆಲೆ ಕುಸಿದು ಬಾಂಬೆಯ ಷೇರು ವ್ಯಾಪಾರಿಗಳು ದಿವಾಳಿಯಾದರು. ಹತ್ತಿಗಾಗಿ ಎಳೆದ ಗೆರೆ ಮಾತ್ರ ಉಳಿಯಿತು.

ಡಾಲ್‌ಗ್ರೆನ್‌ನ ಮಗ ಉಲ್ರಿಕ್ 1863ರ ಜುಲೈನಲ್ಲಿ, ಗೆಟಿಸ್‌ಬರ್ಗ್ ಕಾಳಗದ ಬೆನ್ನಿಗೇ, ಒಂದು ಕಾಲು ಕಳೆದುಕೊಂಡ. ಮರದ ಕಾಲು ಕಟ್ಟಿಕೊಂಡೇ ಮತ್ತೆ ಕುದುರೆ ಹತ್ತಿ, 1864ರ ಮಾರ್ಚ್‌ನಲ್ಲಿ ರಿಚ್ಮಂಡ್ ದಾಳಿಗೆ ಹೋಗಿ ಸತ್ತ. ವಯಸ್ಸು 21. ದಕ್ಷಿಣದ ಅಧ್ಯಕ್ಷ ಜೆಫರ್ಸನ್ ಡೇವಿಸ್‌ನನ್ನು ಕೊಲ್ಲುವ ಆದೇಶದ ಕಾಗದ ಅವನ ಜೇಬಿನಲ್ಲಿತ್ತೆಂದು ದಕ್ಷಿಣದ ಪತ್ರಿಕೆಗಳು ಅಚ್ಚು ಹಾಕಿದವು. ಅಪ್ಪ ನಂಬಲಿಲ್ಲ. ಕಾಗದ ನಕಲಿ ಎಂದು ಸಾಧಿಸಲು ಕೊನೆವರೆಗೂ ಹೆಣಗಿದ. ತೋಪಿನ ಒತ್ತಡವನ್ನು ಲೆಕ್ಕ ಹಾಕಿದ ತಲೆ ಈಗ ಸಹಿಯ ಅಕ್ಷರಗಳನ್ನು ಅಳೆಯುತ್ತಿತ್ತು. ಚಾರ್ಲ್ಸ್‌ಟನ್ ಬಿದ್ದದ್ದು 1865ರ ಫೆಬ್ರವರಿಯಲ್ಲಿ, ಅದೂ ಶೆರ್ಮನ್‌ನ ಸೈನ್ಯ ಒಳನಾಡಿನಿಂದ ಬಂದದ್ದಕ್ಕೆ.

1870ರ ಜುಲೈ 12ರಂದು ವಾಷಿಂಗ್ಟನ್ನಿನಲ್ಲಿ ಡಾಲ್‌ಗ್ರೆನ್ ತೀರಿಕೊಂಡ. ಮಗನ ಬಗ್ಗೆ ಅವನು ಬರೆದಿಟ್ಟ ಪುಸ್ತಕ 1872ರಲ್ಲಿ ಅಚ್ಚಾಯಿತು.